ಹಿಂದಕ್ಕೆ ಹೋಗದ ಗಾಡಿ

ಶಾಂತಮಲ್ಲಪ್ಪನವರ ಸುಮೋಗೆ ರಿವರ್ಸ್ ಗೇರೇ ಇಲ್ಲ ಎಂಬ ಮಾತು ಹೆತ್ತೂರಿನಿಂದ ಹೊಂಗಡಹಳ್ಳದವರೆಗೆ ಎಲ್ಲರ ಬಾಯಲ್ಲೂ ಇತ್ತು. ಹೋಟೆಲಿನಲ್ಲಿ ಬೋಂಡ ತಿನ್ನುತ್ತ ಕೂತವರು ಅದಕ್ಕೆ ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದರು. "ಗಾಡಿ ತಗೊಳ್ಳುವಾಗ್ಲೇ ಆ ಗೇರು ತೆಗ್ಸಿಬುಟ್ಟವ್ರಂತೆ ಕಣ್ರೀ. ಸಾಹುಕಾರ್ರಿಗೆ ಹಿಂದಕ್ಕೆ ಹೋಗೋ ದರ್ದು ಏನೈತೆ?" ಎಂದು ಒಬ್ಬ ಹೇಳಿದರೆ, "ಗಾಡಿ ತಿರುಗ್ಸೋ ಕಷ್ಟ ಬ್ಯಾಡ ಅಂತ್ಲೇ ಮನೆಗೆ ಎರಡು ಗೇಟ್ ಮಾಡ್ಸವ್ರೆ, ನೋಡಿಲ್ವಾ?" ಎಂದು ಇನ್ನೊಬ್ಬ ಕೇಳುತ್ತಿದ್ದ. ಎರಡನೆಯ ಮಾತು ಸುಳ್ಳಲ್ಲ. ಒಂದು ಗೇಟಿನಲ್ಲಿ ಒಳಗೆ ಬಂದು, ಕಾಫಿ ಒಣಗಿಸುವ ಕಣವನ್ನು ಸುತ್ತು ಹಾಕಿ, ಇನ್ನೊಂದು ಗೇಟಿನಲ್ಲಿ ಹೊರಗೆ ಹೋಗುವ ಹಾಗೆ ಶಾಂತಮಲ್ಲಪ್ಪ ಬೇಲಿ ಒಡೆಸಿದ್ದು ಇಡೀ ಹೋಬಳಿಗೆ ಗೊತ್ತಿತ್ತು.

ಹೋಟೆಲಿನಲ್ಲಿ ಕೂತು ನಗುವುದು ಸುಲಭ. ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ರಸ್ತೆಯೆಂದರೆ ಒಂದು ಗಾಡಿಯ ಅಗಲ, ಅಷ್ಟೇ. ಒಂದು ಮಗ್ಗುಲಲ್ಲಿ ಮಣ್ಣಿನ ಗೋಡೆಯ ಹಾಗೆ ನಿಂತ ಆಳೆತ್ತರದ ಧರೆ, ಇನ್ನೊಂದು ಮಗ್ಗುಲಲ್ಲಿ ಚರಂಡಿ, ಅದರಾಚೆ ಕಾಫಿ ಗಿಡಗಳ ತಲೆ ಮಾತ್ರ ಕಾಣುವಂಥ ಇಳಿಜಾರು. ಎರಡು ಗಾಡಿ ಎದುರುಬದುರಾದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಯಾರು ಹೋಗಬೇಕು ಎಂಬುದಕ್ಕೆ ಅಪ್ಪಂದಿರ ಕಾಲದಿಂದ ಒಂದು ಕಟ್ಟಳೆ ಇತ್ತು. ಏರುವ ಗಾಡಿಗೆ ದಾರಿ; ಇಳಿಯುವವನು ಹಿಂದಕ್ಕೆ. ಹಾಲಿನ ವ್ಯಾನಿನವನು ಇದಕ್ಕೆ ತಲೆ ಬಾಗುತ್ತಿದ್ದ, ದೊಡ್ಡ ಎಸ್ಟೇಟಿನ ಮ್ಯಾನೇಜರೂ ಬಾಗುತ್ತಿದ್ದ. ಶಾಂತಮಲ್ಲಪ್ಪ ಮಾತ್ರ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಮೊಣಕೈ ಕಿಟಕಿಯ ಮೇಲಿಟ್ಟು, ಎದುರಿನವನ ಹಣೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದುರಿನವನೇ ಏನೋ ಗೊಣಗಿಕೊಂಡು ಹಿಂದಕ್ಕೆ ಹೋಗುತ್ತಿದ್ದ. ವರ್ಷಗಳು ಕಳೆದ ಮೇಲೆ ಗೊಣಗುವುದೂ ನಿಂತಿತು. ಬಿಳಿ ಸುಮೋ ತಿರುವಿನಲ್ಲಿ ಕಂಡರೆ ಸಾಕು, ಜನ ತಾವಾಗಿಯೇ ಹಿಂದಕ್ಕೆ ಗೇರು ಹಾಕುತ್ತಿದ್ದರು.

ಇದಕ್ಕೆ ಜನ ಇಟ್ಟ ಹೆಸರು ದುರಹಂಕಾರ. ಶಾಂತಮಲ್ಲಪ್ಪ ಅದನ್ನು ತಿದ್ದಲು ಹೋಗಲಿಲ್ಲ. ನಿಜ ಏನೆಂದರೆ ಅವರ ಕತ್ತು ತಿರುಗುತ್ತಿರಲಿಲ್ಲ. ಒಂದು ಸಲ ಕಾಫಿ ಮೂಟೆ ಇಡುವ ಸ್ಟೋರಿನ ಅಟ್ಟದಿಂದ ಕಾಲು ಜಾರಿ ಬಿದ್ದಿದ್ದರು. ಬಿದ್ದಾಗ ಯಾರೂ ನೋಡಲಿಲ್ಲ, ಎದ್ದು ಮೈ ಕೊಡವಿಕೊಂಡರು, ಹೆಂಡತಿ ನಾಗರತ್ನಮ್ಮನಿಗೆ ಮಾತ್ರ ಹೇಳಿದರು. ಆಮೇಲಾಮೇಲೆ ಕತ್ತು ಬಿಗಿಯುತ್ತ ಬಂದು, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ ಎಂದು ಹಟ ಹಿಡಿಯಿತು. ಹಳೆಯ ಜೀಪಿದ್ದ ಕಾಲದಲ್ಲಿ ಹೇಗೋ ನಡೆಯಿತು. ಬಾಗಿಲಿಲ್ಲದ ಗಾಡಿ, ಇಡೀ ಮೈಯನ್ನೇ ಹೊರಗೆ ವಾಲಿಸಿ ಹಿಂದೆ ನೋಡಬಹುದಿತ್ತು. ಸುಮೋ ಬಂದ ಮೇಲೆ ನಾಲ್ಕು ಕಡೆಯೂ ಮುಚ್ಚಿತು. ಹಿಂದಿನ ಬಾಗಿಲಿಗೆ ಸ್ಟೆಪ್ನಿ, ಅದರ ಮೇಲೆ ಧೂಳು ಮೆತ್ತಿದ ಗಾಜು. ಪಕ್ಕದ ಕನ್ನಡಿಗಳನ್ನು ನಂಬಿ ಒಂದು ಸಲ ಹಿಂದಕ್ಕೆ ಹೋಗಿ ತಮ್ಮದೇ ಗೇಟಿನ ಕಂಬ ಮುರಿದಿದ್ದರು. ಕಂಬ ಮುರಿದದ್ದು ಆಳು ಎಂದು ಹೇಳಿದರು. ಅವತ್ತಿನಿಂದ ರಿವರ್ಸ್ ಗೇರಿನ ಕಡೆ ಕೈ ಹೋಗಲಿಲ್ಲ.

"ಹಾಸನಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸಿ ಅಂದ್ರೆ ಕೇಳಕಿಲ್ಲ. ಡ್ರೈವರ್ ಇಟ್ಕಳಿ ಅಂದ್ರೂ ಕೇಳಕಿಲ್ಲ. ಬಾಯಿ ಬಿಟ್ಟು ಒಂದ್ಸಲ ನಂಗೆ ಕತ್ತು ನೋವು ಅಂತ ಹೇಳಿದ್ರೆ ನಿಮ್ಮ ಎಸ್ಟೇಟ್ ಏನು ಹರಾಜಾಯ್ತದಾ?" ಎಂದು ನಾಗರತ್ನಮ್ಮ ಕೇಳಿ ಕೇಳಿ ಸೋತಿದ್ದರು. ಹರಾಜಾಗುತ್ತದೆ ಎಂದೇ ಶಾಂತಮಲ್ಲಪ್ಪನವರ ಎಣಿಕೆ. ಅಹಂಕಾರಿ ಎಂದರೆ ಜನ ಹೆದರುತ್ತಾರೆ. ಕತ್ತು ಹೊರಳದ ಮುದುಕ ಎಂದರೆ ಅಯ್ಯೋ ಪಾಪ ಎನ್ನುತ್ತಾರೆ. ಆ ಅಯ್ಯೋ ಪಾಪ ಅವರಿಗೆ ಬೇಡವಾಗಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. ಬೇಸಿಗೆಯಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು, ಹಣೆಗೆ ವಿಭೂತಿ ಎಳೆದುಕೊಂಡು, ನೆಟ್ಟಗೆ ಮುಂದೆ ನೋಡುತ್ತ ಗಾಡಿ ಓಡಿಸುತ್ತಿದ್ದರು.

ಆ ರಸ್ತೆಯಲ್ಲಿ ಅವರಿಗೆ ಸಲಿಗೆಯಿಂದ ಮಾರಾಯ ಎನ್ನುತ್ತಿದ್ದವರು ಕೃಷ್ಣಪ್ಪ ಒಬ್ಬರೇ. ಶಾಂತಮಲ್ಲಪ್ಪನವರ ತೋಟದ ಕೆಳಗಿನ ಮಗ್ಗುಲಲ್ಲಿ ಕೃಷ್ಣಪ್ಪನವರ ಸಣ್ಣ ತೋಟ. ಇಬ್ಬರೂ ಹೆತ್ತೂರಿನ ಶಾಲೆಗೆ ಒಂದೇ ಕಾಲುದಾರಿಯಲ್ಲಿ ನಡೆದುಹೋದವರು. ಕೃಷ್ಣಪ್ಪನವರಿಗೆ ಒಂದು ಹಳೇ ಜೀಪಿತ್ತು. ಎದುರಾದಾಗಲೆಲ್ಲ ಅವರು ನಗುತ್ತ ಹಿಂದಕ್ಕೆ ಹೋಗಿ, ಮೋರಿಯ ಹತ್ತಿರ ಅಗಲವಾದ ಜಾಗದಲ್ಲಿ ನಿಂತು, ಸುಮೋ ಹಾದುಹೋಗುವಾಗ "ಹೋಗು ಮಾರಾಯ, ಹೋಗು. ರಸ್ತೆ ನಿಮ್ಮಪ್ಪ ಹಾಕ್ಸಿದ್ದು" ಎಂದು ಕೂಗುತ್ತಿದ್ದರು. ಶಾಂತಮಲ್ಲಪ್ಪನವರಿಗೆ ಅದು ಹಿಡಿಸುತ್ತಿತ್ತು.

ಆ ದಿನ ಕೊಯ್ಲಿನ ಕಾಲದ ಒಂದು ಬೆಳಿಗ್ಗೆ. ಹೆತ್ತೂರಿನಲ್ಲಿ ಆಳುಗಳನ್ನು ಗೊತ್ತುಮಾಡಿಕೊಂಡು ಶಾಂತಮಲ್ಲಪ್ಪ ಇಳಿಜಾರಿನಲ್ಲಿ ಮನೆಯ ಕಡೆ ಬರುತ್ತಿದ್ದರು. ದೊಡ್ಡ ಹಲಸಿನಮರ ದಾಟಿದ್ದೇ ಎದುರಿಗೆ ಕೃಷ್ಣಪ್ಪನವರ ಜೀಪು ಏರಿ ಬರುವುದು ಕಂಡಿತು. ಹಲಸಿನಮರದ ಬುಡದಲ್ಲಿ ಒಂದು ಗಾಡಿ ಸರಿದು ನಿಲ್ಲುವಷ್ಟು ಜಾಗವಿದೆ, ಅದು ಸುಮೋದ ಬೆನ್ನಿಗೇ ಇತ್ತು. ಜೀಪಿಗಾದರೆ ಮೋರಿಯವರೆಗೆ, ಎರಡು ತಿರುವು ದಾಟಿ ಹಿಂದಕ್ಕೆ ಹೋಗಬೇಕು. ಕಟ್ಟಳೆಯ ಪ್ರಕಾರವೂ ಜೀಪಿಗೇ ದಾರಿ. ಶಾಂತಮಲ್ಲಪ್ಪ ಎಂದಿನಂತೆ ನಡುರಸ್ತೆಯಲ್ಲಿ ನಿಂತರು. ಜೀಪನ್ನು ಓಡಿಸುತ್ತಿದ್ದವನು ಕೃಷ್ಣಪ್ಪನವರ ಮಗ ಯೋಗಾನಂದ. ಒಂದು ಸಲ ಹಾರ್ನ್ ಆಯಿತು. ಜೀಪಿನ ಪಕ್ಕದಿಂದ ಒಂದು ಹೆಂಗಸಿನ ಕೈ ಹೊರಗೆ ಬಂದು ಜೋರಾಗಿ ಬೀಸತೊಡಗಿತು. ಅದು ಕೃಷ್ಣಪ್ಪನ ಹೆಂಡತಿ ಕಮಲಮ್ಮನ ಕೈ ಎಂದು ಬಳೆಯಲ್ಲೇ ಗೊತ್ತಾಯಿತು. ಎಲ್ಲೋ ನೆಂಟರ ಮನೆಗೆ ಹೊರಟಿದ್ದಾರೆ, ಖುಷಿಯಲ್ಲಿದ್ದಾರೆ ಎಂದುಕೊಂಡ ಶಾಂತಮಲ್ಲಪ್ಪ ತಾವೂ ಕೈ ಎತ್ತಿ ಬೀಸಿದರು.

ಆ ಕೈ ಅಷ್ಟಕ್ಕೇ ನಿಂತಿತು. ಜೀಪು ಹಿಂದಕ್ಕೆ ಹೊರಟಿತು. ಯೋಗಾನಂದ ಎಂದಿಗಿಂತ ಜೋರಾಗಿ ಹಿಂದಕ್ಕೆ ಹೋಗುತ್ತಿದ್ದಾನೆ, ಹುಡುಗ ಚೆನ್ನಾಗಿ ಕಲಿತಿದ್ದಾನೆ ಎಂದು ಶಾಂತಮಲ್ಲಪ್ಪ ಮೆಚ್ಚಿಕೊಂಡರು ಕೂಡ. ಮೋರಿಯ ಹತ್ತಿರ ಹಾದುಹೋಗುವಾಗ ಜೀಪಿನೊಳಗೆ ಕಣ್ಣು ಹಾಯಿಸಬೇಕೆಂದರೆ ಕತ್ತು ತಿರುಗಬೇಕಿತ್ತು. ಅವರು ನೇರ ನೋಡಿಕೊಂಡೇ ಹೋದರು. ಹೋಗು ಮಾರಾಯ ಎಂಬ ಕೂಗು ಬರಲಿಲ್ಲ ಎನ್ನುವುದು ಗೇಟು ದಾಟಿದ ಮೇಲೆ ಹೊಳೆಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಬೆಳಿಗ್ಗೆ ಎದ್ದವರೇ ಎದೆ ಹಿಡಿದುಕೊಂಡ ಕೃಷ್ಣಪ್ಪನವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸಕಲೇಶಪುರದ ಆಸ್ಪತ್ರೆಗೆ ಹೊರಟಿದ್ದರು. ಊರು ಇನ್ನೂ ಕಾಣುವ ಮೊದಲೇ ದಾರಿಯಲ್ಲಿ ಜೀವ ಹೋಯಿತು.

ನಾಗರತ್ನಮ್ಮ ಗೋಳೋ ಎಂದು ಅತ್ತರು. ಶಾಂತಮಲ್ಲಪ್ಪ ಜಗಲಿಯ ಮೇಲೆ ಕೂತವರು ಕೂತೇ ಇದ್ದರು. ಆ ಕೈ ನೆಂಟರ ಮನೆಯ ಖುಷಿಗೆ ಬೀಸಿದ್ದಲ್ಲ, ಹಿಂದಕ್ಕೆ ಹೋಗಿ ಎಂದು ಬೇಡಿಕೊಂಡಿದ್ದು. ತಾವು ಅದಕ್ಕೆ ನಗುತ್ತ ಕೈ ಎತ್ತಿದ್ದರು. ಕೊನೆಗೆ ಇದನ್ನು ಹೆಂಡತಿಗೆ ಹೇಳಿದಾಗ ನಾಗರತ್ನಮ್ಮ ಅಳು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದರು. "ಶಿವನೇ" ಎಂದಷ್ಟೇ ಅಂದರು.

ಸಾವಿನ ಮನೆಗೆ ಹೋದಾಗ ಯಾರಾದರೂ ಬೈಯಬಹುದು ಎಂದು ಶಾಂತಮಲ್ಲಪ್ಪ ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ. ಹಣೆಬರಹ ಎಂದರು ಕೆಲವರು, ಆಯಸ್ಸು ಅಷ್ಟೇ ಬರೆದಿತ್ತು ಎಂದರು ಇನ್ನು ಕೆಲವರು. ಇನ್ನೂ ಮುಂಚೆ ಆಸ್ಪತ್ರೆ ಸೇರಿದ್ದರೆ ಬದುಕುತ್ತಿದ್ದರೋ ಇಲ್ಲವೋ ಹೇಳೋಕಾಗಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಆ ಹೇಳೋಕಾಗಲ್ಲ ಎಂಬ ಮಾತು ಶಾಂತಮಲ್ಲಪ್ಪನವರ ಎದೆಯೊಳಗೆ ಹೊಕ್ಕು ಕೂತಿತು. ಕಮಲಮ್ಮ ತಲೆ ಎತ್ತಿ "ಬಂದ್ರಾ ಅಣ್ಣ" ಎಂದರು, ಎಲ್ಲರಿಗೂ ಅಂದ ಹಾಗೆಯೇ. ಯೋಗಾನಂದ ಕುರ್ಚಿ ತಂದು ಹಾಕಿದ.

ಎಲ್ಲ ಮುಗಿದು ಹೊರಡುವ ಹೊತ್ತಿಗೆ ಇನ್ನೊಂದು ನಡೆಯಿತು. ಕೃಷ್ಣಪ್ಪನವರ ಮನೆಯ ದಾರಿಯಲ್ಲಿ ಸುಮೋದ ಮುಂದೆ ಜೀಪು, ವ್ಯಾನು, ಸ್ಕೂಟರು ಎಲ್ಲ ಒತ್ತೊತ್ತಾಗಿ ನಿಂತಿದ್ದವು. ಶಾಂತಮಲ್ಲಪ್ಪ ಬೀಗದ ಕೈ ತೆಗೆದರೋ ಇಲ್ಲವೋ, ಚಟ್ಟ ಹೊತ್ತು ಬಂದ ಗಂಡಸರು ಒದ್ದೆ ಬಟ್ಟೆಯಲ್ಲೇ ತಮ್ಮ ತಮ್ಮ ಗಾಡಿ ಹತ್ತಿ ಹಿಂದಕ್ಕೂ ಪಕ್ಕಕ್ಕೂ ಸರಿಸತೊಡಗಿದರು. ಯಾರೂ ಮುಖ ಗಂಟು ಹಾಕಲಿಲ್ಲ. ಅಭ್ಯಾಸವಾಗಿ ಹೋಗಿತ್ತು. ನೋಡನೋಡುತ್ತಿದ್ದಂತೆ ಸುಮೋ ನೆಟ್ಟಗೆ ಮುಂದಕ್ಕೆ ಹೋಗುವಷ್ಟು ದಾರಿ ತೆರೆಯಿತು. ಆ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಹೋಗುವಾಗ ಶಾಂತಮಲ್ಲಪ್ಪನವರಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅಷ್ಟು ನಾಚಿಕೆ ಅವರಿಗೆ ಜೀವಮಾನದಲ್ಲೇ ಆಗಿರಲಿಲ್ಲ.

ಮರುದಿನವೇ ಸಕಲೇಶಪುರಕ್ಕೆ ಹೋದರು. ಹೈವೇ ಬದಿಯಲ್ಲಿ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ಮಹೇಶನ ಮುಂದೆ ಗಾಡಿ ನಿಲ್ಲಿಸಿ, "ಹಿಂದಕ್ಕೆ ಹೋಗುವಾಗ ಹಿಂದ್ಗಡೆ ಏನೈತೆ ಅಂತ ಕಾಣಂಗೆ ಏನಾರ ಮಾಡಪ್ಪ" ಎಂದರು. ಮಹೇಶನಿಗೆ ಆಶ್ಚರ್ಯ. ಆದರೂ ಗಿರಾಕಿಯ ಮುಂದೆ ನಗಬಾರದೆಂಬ ಬುದ್ಧಿ ಇತ್ತು. "ಒಂದ್ಸಲ ಧರ್ಮಸ್ಥಳಕ್ಕೆ ಹೊರಟಿದ್ದ ಟೂರಿಸ್ಟ್ ವ್ಯಾನ್ ಕೆಟ್ಟು ನಮ್ಮತ್ರ ಬಂದಿತ್ತು ಸಾರ್. ಅದರ ಹಿಂದ್ಗಡೆ ಗಾಜಿನ ಮೇಲೆ ಒಂದು ಉಬ್ಬುಗನ್ನಡಿ ಇತ್ತು, ನೆಲದ ಕಡೆ ಬಗ್ಗಿಸಿ ಕೂರ್ಸಿದ್ರು. ಒಳಗಿನ ಕನ್ನಡಿ ನೋಡಿದ್ರೆ ಅದು ಕಾಣ್ತದೆ, ಅದರೊಳಗೆ ಬಂಪರ್ರು, ನೆಲ, ಎಲ್ಲ ಕಾಣ್ತದೆ. ಕತ್ತು ತಿರುಗ್ಸೋದೇ ಬ್ಯಾಡ" ಎಂದ. ಕೊನೆಯ ಮಾತಿಗೆ ಶಾಂತಮಲ್ಲಪ್ಪ ಬೆಚ್ಚಿ ಅವನ ಮುಖ ನೋಡಿದರು. ಅವನು ಸುಮ್ಮನೆ ಹೇಳಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವರದು.

ಲಾರಿಯ ಕನ್ನಡಿಯೊಂದನ್ನು ಹುಡುಕಿ, ಕಬ್ಬಿಣದ ಪಟ್ಟಿ ಬಗ್ಗಿಸಿ, ಹಿಂದಿನ ಬಾಗಿಲ ನೆತ್ತಿಗೆ ತೂತು ಕೊರೆದು ಮಹೇಶ ಅದನ್ನು ಕೂರಿಸಿದ. ಮೊದಲ ಸಲ ಅದರಲ್ಲಿ ಕಂಡದ್ದು ಆಕಾಶ. ಎರಡನೆಯ ಸಲ ಮಹೇಶನ ಹೊಟ್ಟೆ. ಬೋಲ್ಟು ಸಡಿಲಿಸಿ ಬಿಗಿಸಿ ಅಂತೂ ನೆಲ ಕಾಣಿಸಿದ. ಹೆತ್ತೂರಿನ ಗುಂಡಿಗಳು ಅಷ್ಟಕ್ಕೆ ಬಿಡುತ್ತವೆಯೇ? ಮನೆ ಮುಟ್ಟುವಷ್ಟರಲ್ಲಿ ಕನ್ನಡಿ ಕತ್ತು ಬಗ್ಗಿಸಿ ಸ್ಟೆಪ್ನಿಯನ್ನು ತೋರಿಸುತ್ತಿತ್ತು. ಶಾಂತಮಲ್ಲಪ್ಪ ಏಣಿ ಹಾಕಿ, ರಬ್ಬರಿನ ತುಂಡು ಕೊಟ್ಟು, ತಾವೇ ಬಿಗಿದರು.

ಕಣದಲ್ಲಿ ಕಲಿಕೆ ಶುರುವಾಯಿತು. ಒಣಹಾಕಿದ ಕಾಫಿಯನ್ನು ಒಂದು ಮೂಲೆಗೆ ಗುಡ್ಡೆ ಮಾಡಿಸಿ, ಕೊಯ್ಲಿನ ಕುಕ್ಕೆಗಳನ್ನು ಬೋರಲು ಹಾಕಿ ಸಾಲಾಗಿ ಇಟ್ಟು, ಅವುಗಳ ನಡುವೆ ಹಿಂದಕ್ಕೆ ಹೋಗಬೇಕು. ಉಬ್ಬುಗನ್ನಡಿಯಲ್ಲಿ ಎಲ್ಲವೂ ಸಣ್ಣದಾಗಿ, ದೂರದಲ್ಲಿರುವ ಹಾಗೆ ಕಾಣುತ್ತಿತ್ತು. ದೂರ ಇದೆ ಎಂದು ಹೋದರೆ ಕುಕ್ಕೆ ಚಕ್ರದಡಿ ಲಟಕ್ಕೆನ್ನುತ್ತಿತ್ತು. ಕಾಫಿ ಹರವುವ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನಾಗರತ್ನಮ್ಮನಿಗೆ ನಗು ಬರಲಿಲ್ಲ.

"ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದರು ಜಗಲಿಯಿಂದ. ಅಂದ ಮೇಲೆ ಅವರಿಗೇ ಕಷ್ಟವಾಯಿತು. ಕೆಳಗೆ ಬಂದು ಗಾಡಿಯ ಹಿಂದೆ ನಿಂತರು. "ನಾನು ಹೇಳ್ತೀನಿ, ನಿಧಾನ ಬನ್ನಿ."

"ಬ್ಯಾಡ. ನೀನು ಒಳಗೆ ಹೋಗು."

"ಯಾಕ್ರೀ? ನಾನು ನಿಂತು ಬರ್ಲಿ ಬರ್ಲಿ ಅಂದ್ರೆ ಏನಾಗ್ತದೆ? ನಂದು ಕಣ್ಣಲ್ವಾ?"

"ಹಿಂದೆ ನಿಂತು ಹೇಳೋರಿಲ್ಲದೆ ನಾನು ಹೋಗ್ಬೇಕು ಕಣೇ. ಅದಕ್ಕೇ ಅಲ್ವಾ ಕನ್ನಡಿ."

ಇನ್ನೊಬ್ಬರ ಬಾಯಿಂದ ಬರ್ಲಿ ಎನಿಸಿಕೊಳ್ಳಲಾರದೆ ಈ ಮನುಷ್ಯ ತಗಡಿಗೆ ತೂತು ಕೊರೆಸಿಕೊಂಡು ಬಂದಿದ್ದಾನೆ ಎಂದು ನಾಗರತ್ನಮ್ಮನಿಗೆ ಅನ್ನಿಸಿತು. ಹಾಳಾಗಿ ಹೋಗಲಿ ಎಂದು ಒಳಗೆ ಹೋಗಿ ಅನ್ನಕ್ಕೆ ಇಟ್ಟರು.

ಆದರೂ ಹಟ ಹಿಡಿದರೆ ಶಾಂತಮಲ್ಲಪ್ಪ ಬಿಡುವವರಲ್ಲ. ಕುಕ್ಕೆಗಳು ಮುರಿಯುವುದು ನಿಂತಿತು. ಸುಮೋ ಕಣದ ಸುತ್ತ ಹಿಂದುಹಿಂದಕ್ಕೇ ಒಂದು ಸುತ್ತು ಬರುವಂತಾಯಿತು. ಅವರಿಗೆ ಈಗ ಒಂದೇ ಆಸೆ. ಆ ರಸ್ತೆಯಲ್ಲಿ ಕೃಷ್ಣಪ್ಪನ ಜೀಪು ಎದುರಾಗಬೇಕು, ತಾವು ಹಿಂದಕ್ಕೆ ಹೋಗಬೇಕು, ಕಮಲಮ್ಮ ಅದನ್ನು ನೋಡಬೇಕು. ನೋಡಿದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಉತ್ತರ ಗೊತ್ತಿರಲಿಲ್ಲ. ಹೋದವನೇನೂ ವಾಪಸ್ಸು ಬರುವುದಿಲ್ಲ. ಆದರೆ ಅಷ್ಟಾದರೂ ಆಗದೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಹೆತ್ತೂರಿಗೆ ಹೋಗುವುದು, ನಿಧಾನವಾಗಿ ಇಳಿಯುವುದು, ತಿರುವಿನಲ್ಲಿ ಕಾಯುವುದು ಶುರುವಾಯಿತು. ಎದುರಾದವರು ಬೇರೆಯವರು. ಇವರು ಗೇರಿಗೆ ಕೈ ಹಾಕುವ ಮೊದಲೇ ಅವರೆಲ್ಲ ಹಿಂದಕ್ಕೆ ಹೋಗಿಯಾಗಿರುತ್ತಿತ್ತು. ಕನ್ನಡಿ ಬಂದರೂ ಶಾಂತಮಲ್ಲಪ್ಪ ಆ ರಸ್ತೆಯಲ್ಲಿ ಒಂದು ಮಾರು ಕೂಡ ಹಿಂದಕ್ಕೆ ಹೋಗಲಿಲ್ಲ. ಜನ ಬಿಡಲಿಲ್ಲ.

ತಿಥಿ ಕಳೆದ ಮೇಲೆ ಕಮಲಮ್ಮನನ್ನು ಮಗ್ಗೆಯಲ್ಲಿದ್ದ ತವರಿಗೆ ಕರೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ಗಂಡನನ್ನು ಕಳೆದುಕೊಂಡವರು ಮೊದಲು ತವರಿನ ಹೊಸಿಲು ತುಳಿದು ಬರಬೇಕೆಂಬುದು ಅವರಲ್ಲಿನ ಪದ್ಧತಿ. ಹೊರಡುವ ದಿನ ಯಾವುದೆಂದು ಆಳುಗಳ ಬಾಯಿಂದ ತಿಳಿದುಕೊಂಡ ಶಾಂತಮಲ್ಲಪ್ಪ ಅವತ್ತು ಬೆಳಿಗ್ಗೆಯೇ ಹೆತ್ತೂರಿಗೆ ಹೋಗಿ ವಾಪಸ್ಸು ಹೊರಟರು. ಇಳಿಯುತ್ತ ಹಲಸಿನಮರ ದಾಟಿದರು. ಜೀಪು ಏರಿ ಬರುತ್ತಿತ್ತು.

ಗಾಡಿ ನಿಲ್ಲಿಸಿ ರಿವರ್ಸ್ ಗೇರು ಹಾಕಿದರು. ಅಷ್ಟರಲ್ಲಿ ಯೋಗಾನಂದ ಆಗಲೇ ಹಿಂದಕ್ಕೆ ಹೊರಟಿದ್ದ. ನಿಲ್ಲಿಸು, ನಾನು ಹೋಗ್ತೀನಿ ಎಂದು ಹೇಳುವುದು ಹೇಗೆ? ಶಾಂತಮಲ್ಲಪ್ಪ ಹೆಡ್‌ಲೈಟನ್ನು ಎರಡು ಸಲ ಹಾಕಿ ಆರಿಸಿದರು. ನೀನು ಬಾ ಎಂದು ಅವರ ಅರ್ಥ. ಆ ರಸ್ತೆಯಲ್ಲಿ ಲೈಟು ಹಾಕಿದರೆ ನಾನು ಬರ್ತಾ ಇದ್ದೀನಿ, ದಾರಿ ಬಿಡು ಎಂದೇ ಎಲ್ಲರ ಲೆಕ್ಕ, ಇಷ್ಟು ವರ್ಷ ಅವರೂ ಹಾಗೆಂದೇ ಹಾಕಿದವರು. ಯೋಗಾನಂದ ಅವಸರವಾಗಿ ಇನ್ನೂ ಜೋರಾಗಿ ಹಿಂದಕ್ಕೆ ಹೋದ. ತಿರುವಿನಲ್ಲಿ ಜೀಪಿನ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಗಾಡಿ ಒಂದು ಮಗ್ಗುಲಿಗೆ ವಾಲಿ ನಿಂತಿತು. ಒಳಗಿಂದ ಕಮಲಮ್ಮ ಕೂಗಿದ್ದು ಕೇಳಿಸಿತು.

ಶಾಂತಮಲ್ಲಪ್ಪ ಇಳಿದು ಓಡಿದರು. ಓಡುವ ವಯಸ್ಸಲ್ಲ, ಓಡಿದರು. ಯಾರಿಗೂ ಪೆಟ್ಟಾಗಿರಲಿಲ್ಲ. ಕಮಲಮ್ಮ ಧರೆಯ ಕಡೆಯಿಂದ ಇಳಿದು, ಸೆರಗು ಸರಿ ಮಾಡಿಕೊಂಡು ರಸ್ತೆಯ ಮೇಲೆ ನಿಂತಿದ್ದರು. ಜೀಪಿನ ಹಿಂದೆ ಕೊಯ್ಲಿನ ಹೆಂಗಸರನ್ನು ತುಂಬಿಕೊಂಡು ಬಂದ ಒಂದು ಪಿಕಪ್ ವ್ಯಾನೂ ನಿಂತಿತು. ಡ್ರೈವರು, ಇಬ್ಬರು ಗಂಡಾಳು ಇಳಿದು ಬಂದು ಎತ್ತಿ ಕೊಟ್ಟರು, ಯೋಗಾನಂದ ಗೇರು ಹಾಕಿ ಎಳೆದ, ಜೀಪು ರಸ್ತೆಗೆ ಬಂತು. ಹೆಂಗಸರು ಪಿಕಪ್ಪಿನ ಮೇಲೆ ನಿಂತು ನೋಡುತ್ತಿದ್ದರು.

"ನಾನೇ ಹಿಂದಕ್ಕೆ ಹೋಗ್ತಿದ್ದೆ ಕಣೋ. ಅದಕ್ಕೇ ಲೈಟ್ ಹಾಕಿದ್ದು" ಎಂದರು ಶಾಂತಮಲ್ಲಪ್ಪ. ಏದುಸಿರು ಬರುತ್ತಿತ್ತು.

"ಬುಡಿ ದೊಡ್ಡಪ್ಪ. ನೀವು ಗಾಡಿ ಹತ್ಕಳಿ. ನಾನೇ ಮೋರಿ ತಾವ ಹೋಯ್ತೀನಿ."

"ಇಲ್ಲ, ಇವತ್ತು ನಾನು ಹೋಗೋದು. ನೋಡು, ಕನ್ನಡಿ ಹಾಕ್ಸಿದ್ದೀನಿ."

"ಕೇಳ್ದೆ, ಎಲ್ರೂ ಹೇಳ್ತಿದ್ರು." ಯೋಗಾನಂದ ದನಿ ತಗ್ಗಿಸಿದ. "ಕತ್ತು ಈಗ ಹೆಂಗೈತೆ ದೊಡ್ಡಪ್ಪ?"

ಶಾಂತಮಲ್ಲಪ್ಪ ಮಫ್ಲರಿನ ತುದಿ ಹಿಡಿದುಕೊಂಡರು. "ಯಾವ ಕತ್ತು?"

"ನಿಮ್ಮ ಕತ್ತು. ಅಪ್ಪನಿಗೆ ಯಾವಾಗ್ಲೋ ಗೊತ್ತಾಗಿತ್ತು. ನಾನು ಜೀಪ್ ಕಲಿಯುವಾಗ್ಲೇ ಹೇಳಿದ್ರು, ಶಾಂತನಿಗೆ ಕತ್ತು ಹೊರಳಕಿಲ್ಲ, ಅವನ ಗಾಡಿ ಕಂಡ್ರೆ ನೀನೇ ಹಿಂದಕ್ಕೆ ಹೋಗ್ಬೇಕು ಅಂತ. ಯಾರಿಗೂ ಹೇಳ್ಬ್ಯಾಡ ಅಂದಿದ್ರು. ಜನ ಪೊಗರು ಅಂದ್ಕೊಂಡ್ರೆ ಅಂದ್ಕಳ್ಳಿ, ಅವನಿಗೆ ಅದೇ ಬೇಕಾಗೈತೆ ಅಂದಿದ್ರು."

ಪಿಕಪ್ಪಿನ ಇಂಜಿನ್ ಗುರುಗುಟ್ಟುತ್ತಿತ್ತು.

"ಅವತ್ತೂ ಅಷ್ಟೇ ಅಣ್ಣ." ಈಗ ಮಾತಾಡಿದವರು ಕಮಲಮ್ಮ. "ಇವನು ಹಾರ್ನ್ ಮಾಡ್ದ. ನಾನು ಹಿಂದಕ್ಕೆ ಹೋಗಿ, ಹಿಂದಕ್ಕೆ ಹೋಗಿ ಅಂತ ಕೈ ಬೀಸ್ದೆ. ಅವ್ರು ನನ್ನ ತೊಡೆ ಮೇಲೆ ತಲೆ ಇಟ್ಟು ಮಲಗಿದ್ರು, ಮೈಯೆಲ್ಲ ಬೆವರು. ಎದುರ್ಗೆ ಯಾರು ಅಂದ್ರು. ಶಾಂತಣ್ಣ ಅಂದೆ. ಯೋಗ, ನೀನೇ ಹಿಂದಕ್ಕೆ ಹೋಗು ಮಗ, ಅವನ ಕೈಲಿ ಆಗಕಿಲ್ಲ ಅಂದ್ರು. ಆಮೇಲೆ ಅವ್ರು ಮಾತಾಡ್ಲಿಲ್ಲ."

ಶಾಂತಮಲ್ಲಪ್ಪ ಧರೆಗೆ ಕೈ ಊರಿಕೊಂಡರು.

"ಅವ್ರು ಸಿಟ್ಟು ಮಾಡ್ಕಳ್ಳಿಲ್ಲ. ನಂಗೆ ಸಿಟ್ಟು ಬಂದಿತ್ತು ಅಣ್ಣ. ಈಗ್ಲೂ ಐತೆ. ಸುಳ್ಳು ಯಾಕೆ ಹೇಳ್ಲಿ?" ಎಂದರು ಕಮಲಮ್ಮ. ಅವರ ಕಣ್ಣಲ್ಲಿ ನೀರಿರಲಿಲ್ಲ. ಅಷ್ಟು ಹೇಳಿ ಜೀಪು ಹತ್ತಿ ಮಗನ ಪಕ್ಕದ ಸೀಟಿನಲ್ಲಿ ಕೂತರು.

ಶಾಂತಮಲ್ಲಪ್ಪ ನಡೆದುಹೋಗಿ ಸುಮೋ ಹತ್ತಿದರು. ಹಲಸಿನಮರದ ಜಾಗ ಹಿಂದೆಯೇ ಇತ್ತು, ಒಂದು ಸಣ್ಣ ತಿರುವು ಅಷ್ಟೇ. ಗೇರು ಹಾಕಿದರು. ಒಳಗಿನ ಕನ್ನಡಿ ನೋಡಿದರು. ಅದರಲ್ಲಿ ಉಬ್ಬುಗನ್ನಡಿ, ಉಬ್ಬುಗನ್ನಡಿಯಲ್ಲಿ ನೆಲ ಕಾಣಬೇಕಿತ್ತು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ಮಫ್ಲರಿನಲ್ಲಿ ಒರೆಸಿಕೊಂಡರು, ಮತ್ತೆ ತುಂಬಿತು. ಹಾಗೆಯೇ ಕ್ಲಚ್ಚು ಬಿಟ್ಟರು. ಗಾಡಿ ಒಂದು ಗೇಣು ಹಿಂದಕ್ಕೆ ಹೋಗಿ ಧರೆಗೆ ತಾಗಿ ಗಕ್ಕನೆ ನಿಂತಿತು. ಎಲ್ಲಿಗೆ ತಾಗಿತು, ಎಷ್ಟು ತಾಗಿತು, ಒಂದೂ ಗೊತ್ತಾಗಲಿಲ್ಲ. ಎದುರಿಗೆ ಜೀಪು ಕಾಯುತ್ತಿತ್ತು. ಅದರ ಹಿಂದೆ ಪಿಕಪ್ಪು, ಪಿಕಪ್ಪಿನ ತುಂಬ ಜನ.

ಅವರು ಇಂಜಿನ್ ಆರಿಸಿದರು. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು ನಿಂತರು. ಪಿಕಪ್ಪಿನವರಿಗೂ ಕೇಳುವಷ್ಟು ಜೋರಾಗಿ ಕೂಗಿದರು.

"ಯೋಗ, ಸ್ವಲ್ಪ ಬಂದು ಹಿಂದೆ ನಿಂತು ಹೇಳಪ್ಪ. ನಂಗೆ ಕತ್ತು ತಿರುಗಕಿಲ್ಲ. ಹಿಂದ್ಗಡೆ ಕಾಣಕಿಲ್ಲ."

ಇಷ್ಟೇ ಮಾತು. ಇದನ್ನು ಆಡಿದ್ದಕ್ಕೆ ಧರೆ ಕುಸಿಯಲಿಲ್ಲ, ಯಾರೂ ನಗಲಿಲ್ಲ, ಎಸ್ಟೇಟು ಹರಾಜಾಗಲಿಲ್ಲ. ಪಿಕಪ್ಪಿನ ಮೇಲಿದ್ದ ಒಬ್ಬ ಮುದುಕಿ "ಅಯ್ಯೋ ಪಾಪ" ಎಂದಳು. ಅದೂ ಕೇಳಿಸಿತು. ಎಷ್ಟೋ ವರ್ಷ ಹೆದರಿದ್ದ ಮಾತು ಅದು, ಕೇಳಿಸಿಕೊಂಡು ಸುಮ್ಮನೆ ನಿಂತರು. ಈ ಮಾತನ್ನು ಯಾವತ್ತಾದರೂ ಒಂದು ದಿನ ಆಡಿದ್ದರೆ ತಮ್ಮ ಪಕ್ಕದ ಸೀಟಿನಲ್ಲಿ ಒಬ್ಬ ಆಳು ಕೂತಿರುತ್ತಿದ್ದ, ಅವತ್ತು ಅವನು ಇಳಿದು ಹಿಂದೆ ನಿಂತು ಹೇಳಿರುತ್ತಿದ್ದ, ಜೀಪು ನಿಲ್ಲದೆ ಏರಿ ಹೋಗಿರುತ್ತಿತ್ತು. ಕೃಷ್ಣಪ್ಪ ಬದುಕಿ ಉಳಿಯುತ್ತಿದ್ದನೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಸಾಯುವ ಹೊತ್ತಿನಲ್ಲಿ ತಮ್ಮ ಗುಟ್ಟು ಕಾಯುವ ಕೆಲಸವಂತೂ ಅವನಿಗೆ ಇರುತ್ತಿರಲಿಲ್ಲ.

ಯೋಗಾನಂದ ತಾಯಿಯ ಮುಖ ನೋಡಿದ. ಕಮಲಮ್ಮ ರಸ್ತೆಯ ಕಡೆ ನೋಡುತ್ತ "ಹೋಗು" ಎಂದರು. ಅವನು ಇಳಿದು, ಧರೆಗೂ ಸುಮೋಗೂ ನಡುವೆ ಅಡ್ಡಡ್ಡವಾಗಿ ನುಸುಳಿ ಹಿಂದಕ್ಕೆ ಹೋಗಿ ನಿಂತ.

"ಒಂಚೂರು ಮುಂದಕ್ಕೆ ತಗಳಿ ದೊಡ್ಡಪ್ಪ. ಹಾಂ. ಈಗ ಬಲಕ್ಕೆ ತಿರುಗ್ಸಿ. ಬರ್ಲಿ... ಬರ್ಲಿ..."

ಶಾಂತಮಲ್ಲಪ್ಪ ಕನ್ನಡಿ ನೋಡಲಿಲ್ಲ. ಆ ಹುಡುಗನ ದನಿ ಎಲ್ಲಿಗೆ ಕರೆಯಿತೋ ಅಲ್ಲಿಗೆ ಗಾಡಿ ಬಿಡುತ್ತ ಹೋದರು.